ಗಿರಿಯಮ್ಮನ ಸುಣ್ಣವೂ ಸಮಿತಿಯ ವೈರ್‌ಲೆಸ್ಸೂ

ಗೆ,
ಅಧ್ಯಕ್ಷರು,
ನಗರ ಇಲಾಖೆಗಳ ಜಂಟಿ ನಿಸ್ತಂತು ಸಮನ್ವಯ ಸಮಿತಿ,
ತುಮಕೂರು.

ಮಾನ್ಯರೇ,

ಕಳೆದ ತಿಂಗಳು ಒಂದೇ ಸಭೆಯಲ್ಲಿ, ಒಂದೇ ಮೇಜಿನ ಸುತ್ತ ಕೂತು, ಒಂದೇ ತಟ್ಟೆ ಬಿಸ್ಕತ್ತು ಮುಗಿಯುವುದರೊಳಗೆ ನಿಮ್ಮ ಸಮಿತಿ ಎರಡು ತೀರ್ಮಾನ ಮಾಡಿತು. ನಾಲ್ಕನೆಯ ವಿಷಯದಲ್ಲಿ ಹೀಗಿದೆ: ಕರೆಂಟು, ನೀರು, ಕಸ, ಅಗ್ನಿಶಾಮಕ ಇಲಾಖೆಗಳು ಪರಸ್ಪರ ಮಾತಾಡಿಕೊಳ್ಳಲು ಹದಿನೆಂಟು ಲಕ್ಷ ರೂಪಾಯಿಯ ವೈರ್‌ಲೆಸ್ ಬೇಕಾಗಿಲ್ಲ, ಏಕೆಂದರೆ 'ಹಾಲಿ ವ್ಯವಸ್ಥೆಯು ತೃಪ್ತಿಕರವಾಗಿ ನಡೆಯುತ್ತಿದೆ'. ಏಳನೆಯ ವಿಷಯದಲ್ಲಿ ಹೀಗಿದೆ: ವೈರ್‌ಲೆಸ್ಸಿನ ಗೋಪುರಕ್ಕೂ ಕೋಣೆಗೂ ಜಾಗ ಬೇಕಾಗಿರುವುದರಿಂದ ಕಚೇರಿ ಗೇಟಿನ ಪಕ್ಕದ ಅನಧಿಕೃತ ಪೆಟ್ಟಿಗೆ ಅಂಗಡಿಯನ್ನು ತೆರವು ಮಾಡತಕ್ಕದ್ದು.

ತಪ್ಪು ಓದಿದೆನೇನೋ ಎಂದು ಮತ್ತೆ ಮತ್ತೆ ಓದಿದೆ. ನನಗೆ ಓದಲು ಅವಕಾಶ ಬೇಕಾದಷ್ಟಿದೆ. ನಿಮ್ಮ ನಡವಳಿ ಅಚ್ಚಾಗುವ ಪ್ರೆಸ್ಸಿನಲ್ಲಿ ಹಾಳೆ ಮಡಚುವ ಕೆಲಸ ನನ್ನದು. ನೂರಿಪ್ಪತ್ತು ಪ್ರತಿ ಮಡಚಿದೆ. ನೂರಿಪ್ಪತ್ತರಲ್ಲೂ ಹಾಗೆಯೇ ಇತ್ತು. ಬಾರದ ವೈರ್‌ಲೆಸ್ಸಿಗೆ ಜಾಗ ಬೇಕು. ಜಾಗಕ್ಕಾಗಿ ಅಂಗಡಿ ಹೋಗಬೇಕು. ವೈರ್‌ಲೆಸ್ ಏಕೆ ಬಾರದು ಎಂದರೆ ಹಾಲಿ ವ್ಯವಸ್ಥೆ ಚೆನ್ನಾಗಿದೆ. ಆ ಹಾಲಿ ವ್ಯವಸ್ಥೆ ಯಾವುದು ಎಂದು ಯಾರೂ ಕೇಳಲಿಲ್ಲವೇ, ಮಾನ್ಯರೇ? ಆ ಹಾಲಿ ವ್ಯವಸ್ಥೆ ಎಂದರೆ ಆ ಪೆಟ್ಟಿಗೆ ಅಂಗಡಿಯೇ.

ಸಮಿತಿಯಲ್ಲಿ ಕಾರಿನಲ್ಲಿ ಗೇಟು ಹೊಕ್ಕು ಕಾರಿನಲ್ಲೇ ಗೇಟು ದಾಟುವವರು ಇರುವುದರಿಂದ ಸ್ವಲ್ಪ ವಿವರಿಸುತ್ತೇನೆ. ಅಂಗಡಿ ಗಿರಿಯಮ್ಮನದು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯವಳು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಟೀ, ಎಲೆ ಅಡಿಕೆ, ಬೀಡಿ ಮಾರುತ್ತಿದ್ದಾಳೆ. ಲೈನ್‌ಮನ್‌ಗಳು, ನೀರು ಬಿಡುವವರು, ಕಸದ ಲಾರಿಯವರು ಬೆಳಿಗ್ಗೆ ಹಾಜರಿ ಹಾಕಿ ಮೊದಲು ಬರುವುದು ಅಲ್ಲಿಗೆ. ಇವತ್ತು ಯಾವ ಕಡೆ ಹೋಗುತ್ತೇವೆ ಎಂದು ಹೇಳಿ, ಊಟದ ಬುತ್ತಿಯನ್ನು ಅವಳು ಆ ರಸ್ತೆಗೆಂದು ಹೊಡೆದಿರುವ ಮೊಳೆಗೆ ನೇತುಹಾಕಿ ಹೊರಡುತ್ತಾರೆ. ಒಬ್ಬ ಇಂಜಿನಿಯರಿಗೆ ತನ್ನ ಕೈಕೆಳಗಿನವರು ಎಲ್ಲಿದ್ದಾರೆಂದು ತಿಳಿಯಬೇಕಾದರೆ ಹಾಜರಿ ಪುಸ್ತಕ ನೋಡುವುದಿಲ್ಲ. ಕಿಟಕಿಯಿಂದ ಬಗ್ಗಿ ಗಿರಿಯಮ್ಮನ ಮೊಳೆ ನೋಡುತ್ತಾರೆ.

ದೂರದಲ್ಲಿರುವವರನ್ನು ಕರೆಯುವ ವಿಧಾನ ಇನ್ನೂ ಸೊಗಸಾಗಿದೆ. ಗುಬ್ಬಿಗೆ, ಚೇಳೂರಿಗೆ, ಬೆಳ್ಳಾವಿಗೆ, ಕುಣಿಗಲ್ಲಿಗೆ ಹೋಗುವ ಬಸ್ಸುಗಳೆಲ್ಲ ಅವಳ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲುತ್ತವೆ, ಕಂಡಕ್ಟರುಗಳಿಗೆ ಎಲೆ ಅಡಿಕೆ ಬೇಕಲ್ಲ. ಗಿರಿಯಮ್ಮ ಎಲೆಗೆ ಸುಣ್ಣ ಹಚ್ಚಿದ ಬೆರಳಿನಿಂದಲೇ ಬಸ್ಸಿನ ಬೆನ್ನಿಗೆ ಗುರುತು ಹಾಕುತ್ತಾಳೆ. ಒಂದು ಗೆರೆ ಕರೆಂಟಿನವರಿಗೆ. ಎರಡು ಗೆರೆ ನೀರಿನವರಿಗೆ. ಸೊನ್ನೆ ಕಸದವರಿಗೆ. ಪಕ್ಕದಲ್ಲಿ ಅಡ್ಡ ಗೀಟಿದ್ದರೆ ತಕ್ಷಣ ಎಂದು ಅರ್ಥ. ಕಂಬದ ಮೇಲಿರುವ ಲೈನ್‌ಮನ್ ಗುರುತು ಕಂಡರೆ ಶಿಳ್ಳೆ ಹಾಕಿ ಬಸ್ಸು ನಿಲ್ಲಿಸುತ್ತಾನೆ, ಹೇಳಬೇಕಾದದ್ದು ಕಂಡಕ್ಟರನ ಬಾಯಲ್ಲಿರುತ್ತದೆ. ಕೆಲಸ ಬೇಡವಾದರೆ ಮುಂದಿನ ಬಸ್ಸಿನ ಬೆನ್ನಿಗೆ ಅಂಗೈ ಅಗಲ ಸುಣ್ಣ ಬಳಿದು ಬಿಡುತ್ತಾಳೆ. ಅಂಗೈ ಗುರುತು ಎಂದರೆ ಬೇಡ, ವಾಪಸು ಬನ್ನಿ ಎಂದು. ಇದಕ್ಕೆ ಬ್ಯಾಟರಿ ಬೇಡ, ಪರವಾನಗಿ ಬೇಡ, ಬೆಂಗಳೂರಿನಿಂದ ತಜ್ಞರು ಬರಬೇಕಾಗಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಹೋದ ವರ್ಷದ ಆಗಸ್ಟಿನಲ್ಲಿ. ನಮ್ಮ ಬೀದಿಯ ಮೂಲೆಯಲ್ಲಿ ಪೈಪಿಗಾಗಿ ಅಗೆಯುತ್ತಿದ್ದವರು ಪೈಪನ್ನೇ ಒಡೆದರು. ನೀರು ಚಿಮ್ಮಿತು. ಮಣ್ಣು ಸಡಿಲವಾಗಿ ಕರೆಂಟ್ ಕಂಬ ವಾಲಿತು. ತಂತಿ ಜೋತುಬಿದ್ದು ನೀರಿಗೆ ಒಂದು ಮೊಳ ಮೇಲೆ ತೂಗಾಡತೊಡಗಿತು. ಅಗೆದವರು ಗುದ್ದಲಿ ಬಿಟ್ಟು ಓಡಿದರು. ಪಕ್ಕದಲ್ಲೇ ಪ್ರಾಥಮಿಕ ಶಾಲೆ. ಹನ್ನೆರಡೂವರೆಗೆ ಗಂಟೆ ಹೊಡೆದರೆ ಮಕ್ಕಳೆಲ್ಲ ಅದೇ ನೀರಿಗೆ ಇಳಿಯುತ್ತಾರೆ. ನೀರು ಕಂಡ ಮಕ್ಕಳು ಬಳಸಿಕೊಂಡು ಹೋಗುವುದನ್ನು ನೀವು ಎಲ್ಲಾದರೂ ನೋಡಿದ್ದೀರಾ? ಬೀದಿಯವರು ಟೆಲಿಫೋನ್ ಮಾಡಲು ಹೋದರೆ ಅದರ ಕೇಬಲ್ಲೂ ಅದೇ ಗುಂಡಿಯಲ್ಲಿ ಮುಳುಗಿತ್ತು. ನನ್ನ ಹತ್ತಿರ ಸೈಕಲ್ ಇತ್ತು, ಹೊರಟೆ. ಆಗ ಹನ್ನೊಂದೂವರೆ.

ನೀರಿನ ಕಚೇರಿಯಲ್ಲಿದ್ದ ಗುಮಾಸ್ತರು ಸಮಾಧಾನವಾಗಿ ಕೇಳಿಸಿಕೊಂಡರು. ಕರೆಂಟು ತೆಗೆಸಿದ್ದಾರೆಂದು ಆ ಇಲಾಖೆಯಿಂದ ಒಂದು ಕಾಗದ ತಂದರೆ ತಮ್ಮವರು ನೀರಿಗೆ ಇಳಿದು ಪೈಪು ನೋಡುತ್ತಾರೆಂದರು. ಕರೆಂಟಿನ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು, ನೀರು ನಿಲ್ಲಿಸಿದ್ದಾರೆಂದು ಒಂದು ಕಾಗದ ತಂದರೆ ತಮ್ಮವರು ಕಂಬದ ಹತ್ತಿರ ಹೋಗುತ್ತಾರೆಂದರು. ಎರಡು ಕಚೇರಿಗಳ ನಡುವೆ ಇರುವುದು ಒಂದು ಕಾಂಪೌಂಡು ಗೋಡೆ, ಎದೆಯೆತ್ತರದ್ದು. ಕಿಟಕಿಗೆ ಕಿಟಕಿ ಎದುರಾಗಿದೆ. ಇಲ್ಲಿಂದಲೇ ಕೂಗಿ ಹೇಳಿಬಿಡಿ ಸಾರ್ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅಂತರ ಇಲಾಖಾ ವಿಚಾರ ಕಣಮ್ಮಾ. ಕಿಟಕೀಲಿ ಕೂಗೋದಕ್ಕೆ ಇದೇನು ಸಂತೆನಾ?"

ಗೋಡೆಯ ಆಚೆ ಈಚೆ ನಾಲ್ಕು ಸಲ ಓಡಾಡಿದೆ. ಐದನೆಯ ಸಲ ಬಾಗಿಲಲ್ಲಿ ಕೂತಿದ್ದ ಜವಾನರು ಕರುಣೆಯಿಂದ ಗದ್ದವೆತ್ತಿ ಗೇಟಿನ ಕಡೆ ತೋರಿಸಿ, ಗಿರಿಯಮ್ಮನಿಗೆ ಹೇಳಿದ್ಯಾ ಎಂದು ಕೇಳಿದರು. ಹನ್ನೆರಡಾಗಲು ಮೂರು ನಿಮಿಷ ಇತ್ತು.

ಗಿರಿಯಮ್ಮ ಟೀ ಸೋಸುತ್ತಿದ್ದಳು. ನಾನು ಏದುಸಿರಿನಲ್ಲಿ ಜನವಿರೋಧಿ ಆಡಳಿತದ ಬಗ್ಗೆ ಶುರುಮಾಡಿದೆ. ಅವಳು ಕಣ್ಣು ಕೂಡ ಎತ್ತಲಿಲ್ಲ.

"ತಂತಿ ನೀರಿಗ್ ಬಿದ್ದೈತೋ, ಇನ್ನೂ ನೇತಾಡ್ತೈತೋ, ಅದನ್ ಹೇಳು."

"ನೇತಾಡ್ತಿದೆ."

"ಹಂಗಾರೆ ಕೂತ್ಕ. ನೀನ್ ಬಾಯ್ ಬಡ್ಕಂಡ್ರೆ ಕರೆಂಟು ಹೋಗಕಿಲ್ಲ."

ಮೊಳೆಗಳ ಕಡೆ ಒಮ್ಮೆ ನೋಡಿದಳು. ಲೈನ್‌ಮನ್ ರುದ್ರಯ್ಯನವರು ಗುಬ್ಬಿ ರಸ್ತೆಯಲ್ಲಿ, ನೀರು ಬಿಡುವ ಗಂಗಹನುಮಯ್ಯನವರು ಬೆಳ್ಳಾವಿ ರಸ್ತೆಯಲ್ಲಿ, ಅವತ್ತು ಇಬ್ಬರೂ ಊರಂಚಿನಲ್ಲೇ. ನಿಂತಿದ್ದ ಎರಡು ಬಸ್ಸಿನ ಬೆನ್ನಿಗೆ ಎರಡು ಗುರುತು ಬಿದ್ದವು. ಆಮೇಲೆ ನನಗೊಂದು ಟೀ ಕೊಟ್ಟಳು. ಹನ್ನೆರಡು ಗಂಟೆ ಎಂಟು ನಿಮಿಷಕ್ಕೆ ತಂತಿಯಲ್ಲಿ ಕರೆಂಟಿರಲಿಲ್ಲ, ಪೈಪಿನಲ್ಲಿ ನೀರಿರಲಿಲ್ಲ. ಹನ್ನೊಂದು ನಿಮಿಷ, ಮಾನ್ಯರೇ. ಹನ್ನೆರಡೂವರೆಗೆ ಶಾಲೆ ಬಿಟ್ಟಿತು. ಮಕ್ಕಳು ಕೆಸರಾಡಿ ಮನೆಗೆ ಹೋದರು. ತಾಯಂದಿರು ಬೈದರು. ಬೈಸಿಕೊಳ್ಳಲು ಮಕ್ಕಳಿದ್ದರು.

ಇಲ್ಲಿಯವರೆಗಿನದು ನಿಮ್ಮ ತಪ್ಪು. ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ನಾನು ಕಾಲೇಜಿಗೆ ಹೋದವಳಲ್ಲ. ಹತ್ತನೆಯ ತರಗತಿಯ ನಂತರ ನಾನು ಓದಿರುವುದೆಲ್ಲ ಕರಪತ್ರ. ರೈತರದ್ದು, ಬೀಡಿ ಕಾರ್ಮಿಕರದ್ದು, ಮಹಿಳೆಯರದ್ದು, ಗ್ರಾಹಕರದ್ದು, ನಡುವೆ ಮೂಲವ್ಯಾಧಿಗೆ ಖಚಿತ ಪರಿಹಾರದ್ದು. ಸತ್ಯವನ್ನು ಬರೆದು ಅಧಿಕಾರಿಗಳ ಮುಂದೆ ಇಟ್ಟರೆ ಅವರು ನಾಚಿಕೊಂಡು ತಿದ್ದಿಕೊಳ್ಳುತ್ತಾರೆ ಎಂದು ಅವುಗಳಲ್ಲಿ ಬರೆದಿರುತ್ತದೆ. ನಂಬಿದೆ. ಹೋದ ವರ್ಷ ಸೆಪ್ಟೆಂಬರಿನಲ್ಲಿ ನಿಮ್ಮ ಸಮಿತಿಗೆ ನಾಲ್ಕು ಪುಟದ ಪತ್ರ ಬರೆದೆ. ಮೊಳೆ, ಗೆರೆ, ಸೊನ್ನೆ, ಹನ್ನೊಂದು ನಿಮಿಷ, ಎಲ್ಲವನ್ನೂ ವಿವರಿಸಿದೆ. ಒಬ್ಬ ಎಲೆ ಅಡಿಕೆ ಮಾರುವ ಹೆಂಗಸು ಮಾಡಬಲ್ಲದ್ದನ್ನು ನಾಲ್ಕು ಇಲಾಖೆ ಸೇರಿ ಮಾಡಲಾರವೇ, ಕೂಡಲೇ ವೈರ್‌ಲೆಸ್ ತರಿಸಿ ಎಂದು ಕೊನೆಗೆ ಗುಡುಗಿದೆ.

ನೀವು ಪತ್ರ ಓದಿದಿರಿ. ಓದುತ್ತೀರೆಂದು ನಾನೇ ಅಂದುಕೊಂಡಿರಲಿಲ್ಲ. ಹನ್ನೊಂದು ನಿಮಿಷ ಎಂಬುದರ ಕೆಳಗೆ ಯಾರೋ ಹಸಿರು ಶಾಯಿಯಲ್ಲಿ ಗೆರೆ ಎಳೆದು 'ತೃಪ್ತಿಕರ' ಎಂದು ಬರೆದರು. ಎಲೆ ಅಡಿಕೆ ಅಂಗಡಿ ಎಂಬುದರ ಕೆಳಗೆ ಅದೇ ಹಸಿರು ಶಾಯಿಯಲ್ಲಿ ಗೆರೆ ಎಳೆದು 'ಅನಧಿಕೃತವೇ? ಪರಿಶೀಲಿಸಿ' ಎಂದು ಬರೆದರು. ನಿಮ್ಮ ನಡವಳಿಗೆ ಅನುಬಂಧವಾಗಿ ನನ್ನ ಪತ್ರವೇ ಅಚ್ಚಿಗೆ ಬಂತು, ಆ ಷರಾಗಳ ಸಮೇತ. ನನ್ನ ಪತ್ರವನ್ನು ನಾನೇ ನೂರಿಪ್ಪತ್ತು ಸಲ ಮಡಚಿದೆ. ಗಿರಿಯಮ್ಮನನ್ನು ಹೊಗಳಿ ಬರೆಯದಿದ್ದರೆ ಅವಳು ಅಲ್ಲಿದ್ದಾಳೆಂಬುದೇ ನಿಮಗೆ ತಿಳಿಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ನಿಮ್ಮ ಕಣ್ಣಿಗೆ ಬೀಳದೆ ಬದುಕಿದ್ದವಳನ್ನು ನಾಲ್ಕು ಪುಟದಲ್ಲಿ ಹಿಡಿದುಕೊಟ್ಟೆ.

ಹಾಗಾದರೆ ವೈರ್‌ಲೆಸ್ ಬೇಡವೇ, ಸುಣ್ಣವೇ ಸಾಕೇ ಎಂದು ನೀವು ಕೇಳಬಹುದು. ಬೇಕು, ಮಾನ್ಯರೇ. ಇವತ್ತು ಮೊದಲಿಗಿಂತ ಹೆಚ್ಚು ಗಟ್ಟಿಯಾಗಿ ಕೇಳುತ್ತೇನೆ. ಜನವರಿಯಲ್ಲಿ ಕಂಪನಿಯವರು ಎರಡು ಸೆಟ್ಟು ತಂದು ತೋರಿಸಿದ ದಿನ, ಅಚ್ಚಾದ ಕಾಗದ ಕೊಡಲು ಬಂದಿದ್ದ ನಾನು ಸಭಾಂಗಣದ ಬಾಗಿಲಲ್ಲಿದ್ದೆ. ಮೊದಲು ಒಬ್ಬರು ಅಧಿಕಾರಿಗಳು ಒಳಗೆ ನಿಂತು, ಇನ್ನೊಬ್ಬರು ವರಾಂಡದಲ್ಲಿ ನಿಂತು ಪರೀಕ್ಷೆ ಮಾಡಿದರು. ಕೇಳಿಸ್ತಿದೆಯಾ ಎಂದು ಇವರು ಕೂಗಿದರು. ಕೇಳಿಸ್ತಿದೆ ಸಾರ್, ಕಿಟಕಿಯಿಂದ, ಎಂದು ಅವರು ಕೂಗಿದರು. ಆಮೇಲೆ ಯಾರಿಗೋ ಬುದ್ಧಿ ಬಂದು ರುದ್ರಯ್ಯನವರ ಕೈಗೆ ಒಂದು ಸೆಟ್ಟು ಕೊಟ್ಟು ಗುಬ್ಬಿ ರಸ್ತೆಗೆ ಕಳಿಸಿದರು. ಅರ್ಧ ಗಂಟೆ ಕಳೆದ ಮೇಲೆ ಮೇಜಿನ ಮೇಲಿನ ಡಬ್ಬಿ ಗೊರಗುಟ್ಟಿ ಮಾತಾಡಿತು.

"ಸಾರ್, ನಾನು ರುದ್ರಯ್ಯ. ಕಂಬದ್ ಮ್ಯಾಲ್ ಇದೀನಿ. ಗಾಳಿ ಜಾಸ್ತಿ ಐತೆ."

ಏಳು ಮೈಲಿ ಆಚೆಯ ಗಾಳಿ ಆ ಕೋಣೆಯೊಳಗೆ ಕೇಳಿಸಿತು. ಒಬ್ಬ ಲೈನ್‌ಮನ್ ಕಂಬದ ಮೇಲಿಂದ ನೇರವಾಗಿ ಮೇಲಧಿಕಾರಿಗಳ ಮೇಜಿಗೆ ಮಾತಾಡಬಹುದು ಎಂದರೆ ನಾನು ಓದಿದ ಕರಪತ್ರಗಳಲ್ಲಿ ಅರ್ಧದಷ್ಟು ನಿಜವಾದ ಹಾಗೆ. ಗಿರಿಯಮ್ಮ ಕೂಡ ಟೀ ತಟ್ಟೆ ಹಿಡಿದುಕೊಂಡೇ ಕೇಳುತ್ತ ನಿಂತಿದ್ದಳು. ಆದರೆ ನಿಮ್ಮ ಸಮಿತಿ ಮುಂದಿನ ಎರಡು ಗಂಟೆ ಚರ್ಚಿಸಿದ್ದು ವೈರ್‌ಲೆಸ್ಸಿನಲ್ಲಿ ಯಾವ ಇಲಾಖೆಯ ಹೆಸರನ್ನು ಮೊದಲು ಕರೆಯಬೇಕು ಎಂಬುದನ್ನು. ಒಮ್ಮತ ಆಗಲಿಲ್ಲ. ಪ್ರತಿ ಇಲಾಖೆಯ ಲಿಖಿತ ಅಭಿಪ್ರಾಯ ಪಡೆಯಲು ಫೈಲು ಕಳಿಸಲಾಯಿತು. ಫೈಲು ಗೋಡೆಯ ಆ ಕಡೆಗೆ ಹೋಗಿ ಬರಲು ಆರು ತಿಂಗಳು ಹಿಡಿಯಿತು. ಪರಸ್ಪರ ಮಾತಾಡುವ ಸಾಧನ ಬೇಕೋ ಬೇಡವೋ ಎಂದು ಪರಸ್ಪರ ಮಾತಾಡಲಾಗದೆ ಕಳೆದ ಆರು ತಿಂಗಳು ಅವು.

ಆ ಆರು ತಿಂಗಳಲ್ಲೇ ಜುಲೈ ಬಂತು. ಸುಣ್ಣದ ದೌರ್ಬಲ್ಯವೇನೆಂದರೆ ಮಳೆ. ರುದ್ರಯ್ಯನವರು ಗುಬ್ಬಿ ರಸ್ತೆಯಲ್ಲಿ ಲೈನ್ ಆಫ್ ಮಾಡಿಸಿ ಕಂಬ ಹತ್ತಿದ್ದರು. ಊರೊಳಗೆ ಯಾರಿಗೋ ತುರ್ತಾಗಿ ಕರೆಂಟು ಬೇಕಾಗಿ ಲೈನ್ ಮತ್ತೆ ಕೊಡಲು ಹೇಳಿಕೆ ಬಂತು. ಕೆಳಗಿಳಿಯಿರಿ ಎಂದು ಗಿರಿಯಮ್ಮ ಅದೇ ರಸ್ತೆಯಲ್ಲಿ ಹೋಗುವ ಚೇಳೂರು ಬಸ್ಸಿನ ಬೆನ್ನಿಗೆ ಗೆರೆಯನ್ನೂ ಅಡ್ಡ ಗೀಟನ್ನೂ ಹಾಕಿದಳು. ಬಸ್ಸು ಊರು ದಾಟುವುದರೊಳಗೆ ಮಳೆ ತೊಳೆದುಕೊಂಡು ಹೋಯಿತು. ಕಂಡಕ್ಟರು ಟಿಕೆಟ್ಟಿನ ಗಲಾಟೆಯಲ್ಲಿದ್ದರು, ಮೇಲಿಂದ ಶಿಳ್ಳೆಯೂ ಬರಲಿಲ್ಲ, ಬಸ್ಸು ಅವರ ಕೆಳಗೇ ಹಾದುಹೋಯಿತು. ಸ್ವಲ್ಪ ಹೊತ್ತಿಗೆ ತಂತಿಯಲ್ಲಿ ಕರೆಂಟು ಬಂತು. ರುದ್ರಯ್ಯನವರು ಆಗಷ್ಟೇ ಎಲೆ ಅಡಿಕೆ ಹಾಕಿಕೊಳ್ಳಲೆಂದು ಕೆಳಗಿಳಿದು ಚೀಲಕ್ಕೆ ಕೈ ಹಾಕಿದ್ದರು. ಬದುಕಿ ಉಳಿದದ್ದು ಅದಕ್ಕೆ.

ಮಾರನೆಯ ದಿನ ಅಂಗಡಿಯಲ್ಲಿ ಅವರು ಆ ಸಂಗತಿಯನ್ನು ಹೇಳಿದ್ದು ಇಷ್ಟೇ: "ಈ ಚಟ ಬುಟ್ಬುಡಿ ಅಂತ ಹದಿನೈದು ವರ್ಷದಿಂದ ನಮ್ಮನೆಯವ್ಳು ಬೈತಿದ್ಲು. ಈಗ ಅವ್ಳೇ ಎಲೆ ತೊಳ್ದು ಕೊಡ್ತವ್ಳೆ."

ಎಲ್ಲರೂ ನಕ್ಕರು. ಗಿರಿಯಮ್ಮ ನಗಲಿಲ್ಲ. ಅವತ್ತಿನಿಂದ ಮೋಡ ಕವಿದರೆ ಸಾಕು, ಕಂಡಕ್ಟರುಗಳಿಂದ ಸಂದೇಶವನ್ನು ಎರಡೆರಡು ಸಲ ಬಾಯಿಪಾಠ ಒಪ್ಪಿಸಿಕೊಂಡೇ ಬಸ್ಸು ಬಿಡುತ್ತಾಳೆ. ಒಬ್ಬ ಲೈನ್‌ಮನ್ನನ ಪ್ರಾಣ ಅವನ ಎಲೆ ಅಡಿಕೆಯ ಚಟದ ಮೇಲೆ ನಿಂತಿರುವುದನ್ನು ನಿಮ್ಮ ಸಮಿತಿ ತೃಪ್ತಿಕರ ಎನ್ನುತ್ತದೆಯೇ? ಹಾಗಿದ್ದರೆ ಎಲ್ಲ ಲೈನ್‌ಮನ್‌ಗಳಿಗೂ ಎಲೆ ಅಡಿಕೆ ಭತ್ಯೆಯನ್ನಾದರೂ ಮಂಜೂರು ಮಾಡಿ.

ತೆರವಿನ ನೋಟೀಸು ಬಂದ ದಿನ ಅದನ್ನು ಅವಳಿಗೆ ಓದಿ ಹೇಳಿದವಳು ನಾನೇ. ಇದಕ್ಕೆಲ್ಲ ಕಾರಣ ನನ್ನ ಪತ್ರ ಎಂಬುದನ್ನೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಧರಣಿ ಕೂರೋಣ, ಘೇರಾವ್ ಮಾಡೋಣ, ಒಂದು ರೀಮು ಕರಪತ್ರ ಹಾಕಿಸೋಣ ಎಂದೆ. ಅವಳು ಎಲೆಯ ತೊಟ್ಟು ಮುರಿಯುತ್ತ ಯೋಚಿಸಿದಳು.

"ವೈರ್‌ಲೆಸ್ಸು ಬರ್ಲಿ ಕಣವ್ವ, ಬ್ಯಾಡ ಅಂದೋರ್ಯಾರು? ಆ ರುದ್ರಯ್ಯಂದು ಆದ್ ಮ್ಯಾಲೆ ನಂಗೂ ರಾತ್ರಿ ನಿದ್ದೆ ಇಲ್ಲ. ಅದು ಬಂದ್ ದಿನ ನಾನೇ ಪೆಟ್ಗೆ ಎತ್ಕಂಡು ಪಕ್ಕಕ್ ಹೋಗ್ತೀನಿ. ಅದು ಬರಾಕ್ ಮುಂಚೆ ನಾನ್ ಎದ್ದೋದ್ರೆ, ನಡುವ್ನಲ್ಲಿ ಹೇಳೋರ್ಯಾರು?"

ನಿಮ್ಮ ಸಮಿತಿಯ ಮೂರು ವರ್ಷದ ನಡವಳಿಯನ್ನು ನಾನು ಮಡಚಿದ್ದೇನೆ. ಇಷ್ಟು ನೇರವಾದ ಮಾತು ಅದರಲ್ಲಿ ಎಲ್ಲೂ ಇಲ್ಲ.

ಈಗ ಮೊನ್ನೆ ಗುರುವಾರದ ಸಂಗತಿ. ತೆರವಿಗೆ ಅವತ್ತು ದಿನ ಗೊತ್ತಾಗಿತ್ತು. ಅಂಗಡಿಗೆ ಬರುವ ಕರೆಂಟು ಕಡಿಯಲು ಲೈನ್‌ಮನ್ ಬರಬೇಕು, ಅಂಗಡಿಯ ಹಿಂದಿನ ನಲ್ಲಿ ಮುಚ್ಚಲು ನೀರಿನವರು ಬರಬೇಕು, ಸಾಮಾನು ಹೊರಲು ಲಾರಿ ಬರಬೇಕು. ಮೂರೂ ಒಟ್ಟಿಗೆ ಆಗಬೇಕೆಂದು ಆದೇಶ. ಲಾರಿ ಹತ್ತಕ್ಕೆ ಬಂತು. ಕರೆಂಟು ಇರುವ ಅಂಗಡಿ ಮುಟ್ಟುವುದಿಲ್ಲ ಎಂದು ಟೀ ಕುಡಿದು ಹೋಯಿತು. ಗಂಗಹನುಮಯ್ಯನವರು ಹನ್ನೆರಡಕ್ಕೆ ಬಂದು, ಲಾರಿ ಎಲ್ಲಿ ಎಂದು ಕೇಳಿ, ಊಟ ಮುಗಿಸಿ ಹೋದರು. ರುದ್ರಯ್ಯನವರು ಮೂರಕ್ಕೆ ಬಂದರು, ಯಾರೂ ಇಲ್ಲವೆಂದು ಎಲೆ ಅಡಿಕೆ ಹಾಕಿಕೊಂಡು ಹೋದರು. ಗಿರಿಯಮ್ಮನಿಗೆ ಅವತ್ತು ಒಳ್ಳೆಯ ವ್ಯಾಪಾರ.

ಸಂಜೆ ನಾಲ್ಕಕ್ಕೆ ನಿಮ್ಮ ಓವರ್‌ಸೀಯರು ಬಂದರು. ಒಳ್ಳೆಯ ಮನುಷ್ಯರು, ಮುಖ ಬಾಡಿತ್ತು. ಟೀ ಕುಡಿದು ಲೋಟ ಕೆಳಗಿಟ್ಟರು. ನೆಲ ನೋಡಿಕೊಂಡು ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.

"ಗಿರಿಯಮ್ಮಾ, ತಪ್ ತಿಳ್ಕೋಬೇಡಿ. ಸೋಮವಾರ ಹತ್ತು ಗಂಟೆಗೆ ಮೂರ್ ಜನಾನೂ ಒಟ್ಗೇ ಬರೋ ಹಂಗೆ ಒಂದ್ ಮಾತು ಮುಟ್ಟಿಸ್ಬಿಡ್ತೀರಾ? ನನ್ ಕೈಲಿ ಆಗ್ತಿಲ್ಲ."

ನಾನು ಬಾಯಿ ತೆರೆದೆ. ಗಿರಿಯಮ್ಮ ಕಣ್ಣಲ್ಲೇ ಸುಮ್ಮನಿರಿಸಿದಳು. ಗುಬ್ಬಿಯ ಬಸ್ಸು ನಿಂತಿತ್ತು. ಸುಣ್ಣದ ಡಬ್ಬಿಗೆ ಬೆರಳು ಅದ್ದಿ ಒಂದು ಗೆರೆ ಎಳೆದಳು. ಹಿಂದಿನ ಬೆಳ್ಳಾವಿ ಬಸ್ಸಿಗೆ ಎರಡು ಗೆರೆ, ಕುಣಿಗಲ್ ಬಸ್ಸಿಗೆ ಸೊನ್ನೆ. ಮೂವರು ಕಂಡಕ್ಟರುಗಳಿಂದಲೂ ಎರಡೆರಡು ಸಲ ಒಪ್ಪಿಸಿಕೊಂಡಳು, ಮೋಡ ಇತ್ತು. ಏಕೆ ಹೀಗೆ ಮಾಡಿದೆ ಎಂದು ಆಮೇಲೆ ನಾನು ಜಗಳವಾಡಿದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಹೇಳಿ ಕಳಿಸು ಎಂದಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹೇಳದೆ ಬಿಟ್ಟವಳಲ್ಲ. ತನಗೆ ನಷ್ಟ ಎಂದು ಇದೊಂದನ್ನು ನುಂಗಿದರೆ ನಾಳೆ ಇನ್ನೊಂದನ್ನೂ ನುಂಗಬಹುದು ಎಂದು ಜನ ಅಂದುಕೊಳ್ಳುವುದಿಲ್ಲವೇ ಎಂದಳು.

ಆದ್ದರಿಂದ ಸೋಮವಾರ ಹತ್ತು ಗಂಟೆಗೆ ನಿಮ್ಮ ಮೂರು ಇಲಾಖೆಗಳು ಇತಿಹಾಸದಲ್ಲಿ ಮೊದಲ ಬಾರಿಗೆ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಬರುತ್ತವೆ. ಸಂಶಯವೇ ಬೇಡ. ಹೇಳಿ ಕಳಿಸಿದವಳು ಗಿರಿಯಮ್ಮ. ಹನ್ನೊಂದು ಗಂಟೆಯಿಂದ ಈ ಊರಿನಲ್ಲಿ ಯಾವ ಇಲಾಖೆಗೂ ಇನ್ನೊಂದು ಇಲಾಖೆ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಆಮೇಲೆ ಎಲ್ಲಾದರೂ ತಂತಿ ಜೋತುಬಿದ್ದರೆ ದಯವಿಟ್ಟು ಶಾಲೆ ಬಿಡದ ಹೊತ್ತಿನಲ್ಲೇ ಬೀಳುವಂತೆ ಒಂದು ಸುತ್ತೋಲೆ ಹೊರಡಿಸಿ.

ನನ್ನ ಬೇಡಿಕೆ ದೊಡ್ಡದಲ್ಲ. ಏಳನೆಯ ವಿಷಯವನ್ನು ನಾಲ್ಕನೆಯ ವಿಷಯದ ಹಿಂದೆ ನಿಲ್ಲಿಸಿ. ವೈರ್‌ಲೆಸ್ಸಿಗೆ ಹಣ ಮಂಜೂರು ಮಾಡಿ, ಗೋಪುರ ಎಬ್ಬಿಸಿ, ಕಂಬದ ಮೇಲಿನ ರುದ್ರಯ್ಯನವರ ದನಿ ಮಳೆಯಲ್ಲೂ ನಿಮ್ಮ ಮೇಜಿಗೆ ಕೇಳಿಸಲಿ. ಅದು ಕೇಳಿಸಿದ ದಿನ ಅಂಗಡಿ ಪಕ್ಕಕ್ಕೆ ಸರಿಯುತ್ತದೆ, ಪೆಟ್ಟಿಗೆಯ ಒಂದು ಕಡೆ ನಾನೇ ಹಿಡಿಯುತ್ತೇನೆ. ಅಲ್ಲಿಯವರೆಗೆ ಅದನ್ನು ಮುಟ್ಟಬೇಡಿ. ಇದಕ್ಕೆ ನೀವು ಬರೆಯಬೇಕಾದದ್ದು ಒಂದೇ ಸಾಲು, ಬೇಕಾದರೆ ಹಸಿರು ಶಾಯಿಯಲ್ಲೇ.

ಆದರೆ ಬರೆದ ಮೇಲೆ ಆ ಆದೇಶವನ್ನು ಫೈಲಿಗೆ ಹಾಕಬೇಡಿ, ಗೋಡೆ ದಾಟುವುದರೊಳಗೆ ಯುಗಾದಿ ಬರುತ್ತದೆ. ಅಂಚೆಗೂ ಹಾಕಬೇಡಿ, ನಾಳೆ ಭಾನುವಾರ. ಲಾರಿಯವರಿಗೂ ಗಂಗಹನುಮಯ್ಯನವರಿಗೂ ರುದ್ರಯ್ಯನವರಿಗೂ ಸೋಮವಾರ ಹತ್ತರೊಳಗೆ ಅದು ತಲುಪಬೇಕಾದರೆ ಊರಿನಲ್ಲಿರುವುದು ಒಂದೇ ದಾರಿ. ಗೇಟಿನ ಪಕ್ಕ ನಿಮ್ಮ ಕಾರು ನಿಲ್ಲಿಸಿ, ಗಾಜು ಇಳಿಸಿ, ಗಿರಿಯಮ್ಮನಿಗೆ ಹೇಳಿ. ಅವಳು ಏಕೆ ಎಂದು ಕೇಳುವುದಿಲ್ಲ. ಬಸ್ಸಿನ ಬೆನ್ನಿಗೆ ಅಂಗೈ ಅಗಲ ಸುಣ್ಣ ಬಳಿಯುತ್ತಾಳೆ. ಅದರ ಅರ್ಥ ನಿಮಗೀಗ ಗೊತ್ತಿದೆ.

ಇಂತಿ,
ಸದುದ್ದೇಶದಿಂದ ಒಮ್ಮೆ ಪತ್ರ ಬರೆದು ಕೆಟ್ಟು, ಮತ್ತೆ ಬರೆಯುತ್ತಿರುವ
ದಾಕ್ಷಾಯಣಿ, ಹಾಳೆ ಮಡಚುವವಳು
ತುಮಕೂರು, ಅಕ್ಟೋಬರ್ 1998, ಶನಿವಾರ

ಸೂಚನೆ: ಕರಪತ್ರವಾಗಿಯೂ ಅಚ್ಚಾದ ಈ ಪತ್ರದ ಹಿಂಬದಿಯಲ್ಲಿ ಕಲ್ಯಾಣ ಮಂಟಪದ ಜಾಹೀರಾತು ಇದ್ದರೆ ಮನ್ನಿಸಿ, ಪ್ರೆಸ್ಸಿನ ಯಜಮಾನರು ಕೊಟ್ಟದ್ದು ಉಳಿಕೆ ಕಾಗದ. ನನಗೆ ಫೋನ್ ಇಲ್ಲ. ಏನಾದರೂ ತಿಳಿಸುವುದಿದ್ದರೆ ಗಿರಿಯಮ್ಮನ ಅಂಗಡಿಯಲ್ಲಿ ಹೇಳಿದರೆ ಮುಟ್ಟುತ್ತದೆ. ಸದ್ಯಕ್ಕೆ, ಸೋಮವಾರ ಬೆಳಿಗ್ಗೆ ಹತ್ತರವರೆಗೆ.